ಗುಂಡಿಲ್ಲದ ಎರಡು ತೋಟೆ

ಮುದ್ದವ್ವನ ಮಗ ಬೇಟೆಯಲ್ಲಿ ಯಾರದೋ ಗುಂಡು ತಗುಲಿ ಸತ್ತಿದ್ದ. ಕೋವಿಯ ತೋಟೆಗೆ ಮದ್ದುಗುಂಡು ತುಂಬುವ ಕಸುಬಿನ ಉತ್ತಯ್ಯನೂ ಆ ಬೇಟೆಯಲ್ಲಿದ್ದ; ಅಂದು ತನ್ನ ಕೋವಿಯಲ್ಲಿದ್ದುದು ಹಕ್ಕಿ ಹೊಡೆಯುವ ಚರೆ ಮಾತ್ರ ಎಂದು ಇಗ್ಗುತಪ್ಪನ ಮುಂದೆ ಆಣೆ ಇಟ್ಟ. ದೇವರು ಸುಮ್ಮನಿದ್ದ, ಊರೂ ಸುಮ್ಮನಾಯಿತು.

ವರ್ಷದ ಮೇಲೆ ಮುದ್ದವ್ವ ಗಂಡನ ಕೋವಿ ಹಿಡಿದು ಉತ್ತಯ್ಯನ ಜಗಲಿಗೆ ಬಂದಾಗ ಅವನಿಗೆ ಒಳಗೊಳಗೇ ಅಳುಕಾಯಿತು.

"ಚರೆಗೂ ಗುಂಡಿಗೂ ಏನು ವ್ಯತ್ಯಾಸ ಉತ್ತಯ್ಯ?"

"ಚರೆ ಎಳ್ಳು ಚೆಲ್ಲಿದ ಹಾಗೆ ಚದುರ್ತದೆ ಅಕ್ಕ. ಗುಂಡು ಒಂಟಿ. ಹಂದಿಯನ್ನೂ ಕೆಡವ್ತದೆ."

ಅವಳು ಸೆರಗಿನ ಗಂಟಿನಿಂದ ಸೀಸದ ಗುಂಡೊಂದನ್ನು ತೆಗೆದಳು. "ಇದು ಹಂದಿ ತೊಡೆಯಲ್ಲಿ ಸಿಕ್ಕಿದ್ದು. ಯಾರು ಮಾಡಿದ್ದೋ?"

ಕಸುಬಿನ ಹೆಮ್ಮೆ ಅಳುಕನ್ನು ಮರೆಸಿತು. "ನನ್ನ ಅಚ್ಚಿನದೇ. ಈ ಗೀರು ನೋಡಿ, ಬೇರೆಯವರ ಗುಂಡಲ್ಲಿ ಇರೋದಿಲ್ಲ. ಈ ಅಚ್ಚಿನ ಗುಂಡನ್ನ ನಾನು ಯಾರಿಗೂ ಮಾರೋದೂ ಇಲ್ಲ, ನನ್ನ ಕೋವಿಗೆ ಮಾತ್ರ."

"ಹಾಗಾದ್ರೆ ಇದನ್ನೇ ತುಂಬಿಕೊಡು. ಜೊತೆಗೆ ಗುಂಡಿಲ್ಲದ ತೋಟೆ ಎರಡು."

ಅವನು ಮೂರನ್ನೂ ತುಂಬಿಕೊಟ್ಟ. ಗುಂಡಿಲ್ಲದ ಎರಡನ್ನು ಆಕಾಶಕ್ಕೆ ಹಾರಿಸಿ ಊರಿಗೆ ಸಾವು ಸಾರುವುದು ಅಲ್ಲಿಯ ಪದ್ಧತಿ.

"ಮನೆಯಲ್ಲಿ ಯಾರು ತೀರಿಹೋದ್ರು ಅಕ್ಕ?"

ಮುದ್ದವ್ವ ಗುಂಡಿನ ತೋಟೆಯನ್ನು ಕೋವಿಗೆ ಹಾಕಿ, ಉಳಿದೆರಡನ್ನು ಜಗಲಿಯ ಮೇಲಿಟ್ಟಳು. "ಆ ಗುಂಡು ಸಿಕ್ಕಿದ್ದು ಹಂದಿಯಲ್ಲಲ್ಲ, ನನ್ನ ಮಗನ ಮೈಯಲ್ಲಿ. ಇವು ಇಲ್ಲೇ ಇರಲಿ. ನಿನ್ನ ಹೆಂಡತಿಗೆ ಬೇಕಾಗ್ತವೆ."