ಗಂಟೆಯೊಳಗಿನ ಹೆಸರು

ಪ್ಲಿಮತ್ ಬಂದರಿನಲ್ಲಿ ಹೊಸ ‘ಕೋರಲಿನ್’ ಯುದ್ಧನೌಕೆಯ ಮೆಟ್ಟಿಲು ಹತ್ತುವಾಗ ಬೆರಿಲ್ ತನ್ನ ಅಕ್ಕನ ಕೈಚೀಲ ಹೊತ್ತುಕೊಂಡಿದ್ದಳು. ಆಮಂತ್ರಣ ಬಂದದ್ದು ಅಕ್ಕ ಹೆಸ್ಟರ್‌ಗೆ. ಬೆರಿಲ್ ಜೊತೆಗೆ ಬಂದವಳು, ಅಷ್ಟೇ. ಎಪ್ಪತ್ತು ದಾಟಿದರೂ ಅವಳ ಹೊಟ್ಟೆಕಿಚ್ಚಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಆಗುವುದಾದರೂ ಹೇಗೆ? ಅಪ್ಪ ಫಿರಂಗಿ ನೋಡಿಕೊಳ್ಳುತ್ತಿದ್ದ ಹಳೆಯ ‘ಕೋರಲಿನ್’ನಲ್ಲಿ ಹೆಸ್ಟರ್‌ಗೆ ದೀಕ್ಷಾಸ್ನಾನವಾಗಿತ್ತು. ಹಡಗಿನ ಗಂಟೆಯನ್ನು ತಲೆಕೆಳಗು ಮಾಡಿ, ಅದರಲ್ಲಿ ತುಂಬಿದ ನೀರನ್ನು ಮಗುವಿನ ತಲೆಗೆ ಹಾಕಿ, ಹೆಸರನ್ನು ಗಂಟೆಯ ಒಳಮೈಯಲ್ಲಿ ಕೆತ್ತುವುದು ನಾವಿಕರ ಪದ್ಧತಿ. ಬೆರಿಲ್ ಹುಟ್ಟುವಷ್ಟರಲ್ಲಿ ಹಡಗು ಗುಜರಿಗೆ ಹೋಗಿತ್ತು, ಗಂಟೆ ಊರಿನ ಇಗರ್ಜಿಯಲ್ಲಿ ತೂಗುತ್ತಿತ್ತು. ಅವಳ ದೀಕ್ಷಾಸ್ನಾನಕ್ಕೆ ಎಲ್ಲ ಮಕ್ಕಳಂತೆ ಇಗರ್ಜಿಯ ಕಲ್ಲಿನ ತೊಟ್ಟಿಯೇ ಗತಿಯಾಯಿತು. ಪ್ರತಿ ಭಾನುವಾರ ಅಪ್ಪ ಹೆಸ್ಟರ್‌ಳನ್ನು ಎತ್ತಿ ಅವಳ ಹೆಸರು ತೋರಿಸುತ್ತಿದ್ದ. ಬೆರಿಲ್‌ಳನ್ನೂ ಎತ್ತುತ್ತಿದ್ದ, ಇಲ್ಲವೆನ್ನಬಾರದು. ಅಕ್ಕನ ಹೆಸರು ತೋರಿಸಲಿಕ್ಕೆ.

ಈಗ ಅದೇ ಹೆಸರಿನ ಹೊಸ ಹಡಗಿಗೆ ಅದೇ ಗಂಟೆ ಬಂದಿತ್ತು. ದಾರಿಯುದ್ದಕ್ಕೂ ಹೆಸ್ಟರ್‌ಳದು ಅದೇ ಪುರಾಣ.

“ಸಾಕು ನಿಲ್ಸಕ್ಕ,” ಎಂದಳು ಬೆರಿಲ್. “ಹಡಗನ್ನೇನು ಅಪ್ಪ ನಿನ್ನ ಹೆಸರಿಗೆ ಬರೆದುಕೊಟ್ಟಿಲ್ಲ.”

ಹಡಗಿನ ಪಾದ್ರಿ ಗಂಟೆಯನ್ನು ಮೇಜಿನ ಮೇಲೆ ತಲೆಕೆಳಗಾಗಿ ಇರಿಸಿದ್ದರು. ಫಳಫಳ ಹೊಳೆಯುತ್ತಿತ್ತು. ಹೆಸ್ಟರ್ ಕನ್ನಡಕ ಏರಿಸಿ ಬಗ್ಗಿದಳು. ಇನ್ನೂ ಬಗ್ಗಿದಳು.

“ಇಲ್ಲೇನೂ ಇಲ್ವಲ್ಲ?”

ಹೊಸ ಹಡಗಿಗೆ ಹೊಸದಾಗಿಯೇ ಕಾಣಲಿ ಎಂದು ಯಾರೋ ಪುಣ್ಯಾತ್ಮರು ಯಂತ್ರ ಹಿಡಿದು ಒಳಗೂ ಹೊರಗೂ ಉಜ್ಜಿಬಿಟ್ಟಿದ್ದರು. ಹೆಸರುಗಳೆಲ್ಲ ಸವೆದುಹೋಗಿದ್ದವು. ಪಾದ್ರಿಗೆ ಮುಖ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಇದ್ದ ಹಾಗೆಯೇ ಮತ್ತೆ ಕೆತ್ತಿಸುತ್ತೇವೆ, ಎಲ್ಲಿತ್ತು, ಹೇಗಿತ್ತು ಎಂದು ಕೇಳಿದರು. ಹೆಸ್ಟರ್‌ಗೆ ನೆನಪಾಗಲಿಲ್ಲ. ಗಂಟೆಯೊಳಗೆ ಬೆರಳಿಟ್ಟು ಹುಡುಕತೊಡಗಿದಳು.

ಬೆರಿಲ್‌ಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಹೀಗೇ ಆಗಬೇಕಿತ್ತು. ಅಪ್ಪನ ಹಡಗಿನ ಗಂಟೆಯಲ್ಲಿ ಈಗ ಇಬ್ಬರೂ ಸಮ. ಬಾಯಿ ಮುಚ್ಚಿಕೊಂಡಿದ್ದರೆ ಮುಗಿಯಿತು.

ಆದರೆ ಬರಿದಾದ ಹಿತ್ತಾಳೆಯ ಮೇಲೆ ಅಕ್ಕನ ಬೆರಳು ಕುರುಡಾಗಿ ತಡಕಾಡುತ್ತಲೇ ಇತ್ತು. ನೋಡಿ ನೋಡಿ ಬೆರಿಲ್‌ಗೆ ತಡೆಯಲಾಗಲಿಲ್ಲ. ಆ ಬೆರಳನ್ನು ಹಿಡಿದು ಅಂಚಿನಿಂದ ತುಸು ಒಳಗೆ ಒಂದು ಕಡೆ ಒತ್ತಿದಳು.

“ಇಲ್ಲಿ. ಸಾಲು ಬಲಕ್ಕೆ ಸ್ವಲ್ಪ ವಾಲಿತ್ತು. ಜಾಗ ಸಾಲದೆ ಕೊನೇ ಅಕ್ಷರ ಚಿಕ್ಕದು ಮಾಡಿದ್ರು. ಪಕ್ಕದಲ್ಲೊಂದು ಪುಟ್ಟ ಲಂಗರು, ಅದರ ಒಂದು ಕೊಕ್ಕೆ ಮೊಂಡು.”

ಪಾದ್ರಿ ಬೆರಗಾದರು. “ಇಷ್ಟು ಚೆನ್ನಾಗಿ ನೆನಪಿದೆಯಲ್ಲಮ್ಮ, ನಿಮ್ಮ ಹೆಸರೂ ಇದರಲ್ಲಿತ್ತಾ?”

“ಇಲ್ಲ,” ಎಂದಳು ಬೆರಿಲ್. “ಇದ್ದಿದ್ರೆ ಅಕ್ಕನ ಹೆಸರನ್ನ ಇಷ್ಟು ನೋಡ್ತಿರಲಿಲ್ಲ.”