ಎಕಂಬಾಕ್ಕೆ ಹೊರಟ ಆಯಿ

ಹಂಚಿನ ಮೇಲೆ ಜೋಳದ ರೊಟ್ಟಿ ಸೀದ ವಾಸನೆ ಬಂದರೆ ಇವತ್ತಿಗೂ ನನಗೆ ಬೀದರಿನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ತಾಯಿ, ನಮ್ಮ ಆಯಿ, ಆಗ ಒಬ್ಬೊಬ್ಬರನ್ನಾಗಿ ಎಲ್ಲರನ್ನೂ ಮರೆಯುತ್ತಿದ್ದಳು. ಒಮ್ಮೆ ಮನೆ ಬಿಟ್ಟು ಹೋದವಳು ಬಸ್ ನಿಲ್ದಾಣದಲ್ಲಿ ಸಿಕ್ಕಿದ್ದಳು. ಹೆದರಿದ ಅಪ್ಪ, ಹಗಲಲ್ಲೂ ಬಾಗಿಲಿಗೆ ಒಳಗಿನಿಂದ ಕೀಲಿ ಹಾಕಿಕೊಳ್ಳಲು ಅವ್ವನಿಗೆ ಹೇಳಿದ್ದ.

ಅಂದು ಆಯಿ ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಬಾಗಿಲು ಬಡಿಯತೊಡಗಿದಳು.

"ಎಕಂಬಾಕ ಹೋಗ್ತೇನಿ. ನಮ್ಮವ್ವ ಕಾಯಲತ್ತಾಳ."

ಎಕಂಬಾ ಆಕೆಯ ತವರು. ಆ ತಾಯಿ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು.

"ಸಂಜಿಗಿ ಹೋಗೋಣಂತ್ರಿ ಅತ್ತಿ, ಈಗ ಬಿಸಿಲದ ನೋಡ್ರಿ," ಎಂದಳು ಅವ್ವ. ಆಯಿ ಕೇಳಲಿಲ್ಲ. ಬಡಿದು ಬಡಿದು ಅಂಗೈ ಕೆಂಪಾದವು. ಕೊನೆಗೆ ಅವ್ವ ರೊಟ್ಟಿಯನ್ನು ಹಂಚಿನ ಮೇಲೇ ಬಿಟ್ಟು ಬಂದು ಕೀಲಿ ತೆಗೆದಳು.

"ಕೈ ಹಿಡ್ಕೊಂಡು ಜೋಡಿ ಹೋಗು. ಆಕಿನ್ನ ತಡೀಬ್ಯಾಡ," ಎಂದಳು ನನಗೆ.

ಓಣಿಯಲ್ಲಿ ಆಯಿ ಕೇಳಿದಳು, "ನೀ ಯಾರ ಮಗಳವ್ವ?"

"ನಾನೂ ಎಕಂಬಾಕೇ ಹೊಂಟೀನಿ," ಎಂದೆ. ಆಯಿ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದಳು.

ಮಸೀದಿಯ ಹಿಂದಿನಿಂದ ಸುತ್ತು ಹಾಕಿ ನಾವು ಮತ್ತೆ ನಮ್ಮ ಮನೆಗೇ ಬಂದೆವು. ಆಯಿಗೆ ಮನೆಯ ಗುರುತು ಹತ್ತಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಅವ್ವನ ಮುಖವನ್ನು ಬಹಳ ಹೊತ್ತು ನೋಡಿದಳು.

"ಅವ್ವಾ, ಭಾಳ ತಡ ಆಯ್ತು. ಸಿಟ್ಟಾಗಬ್ಯಾಡ," ಎಂದಳು ಆಯಿ.

ಅವ್ವ ಸೆರಗಿನಿಂದ ಅತ್ತೆಯ ಹಣೆಯ ಬೆವರು ಒರೆಸಿದಳು.

"ಇಲ್ಲ ಮಗಾ," ಎಂದಳು. "ಒಳಗ ಬಾ. ಉಣ್ಣು."