ಬ್ಯಾಡ್ಜಿನ ಮೇಲಿನ ಕಾಲೇಜು

ಸದಸ್ಯತ್ವಕ್ಕೆ ಎಂಟುನೂರು, ಬಸ್ಸಿಗೆ ಮುನ್ನೂರ ಎಂಬತ್ತು, ಬಯೋಡೇಟಾದ ಮೂವತ್ತು ಜೆರಾಕ್ಸಿಗೆ ಅರವತ್ತು. ಇಷ್ಟು ಸುರಿದು ನಾನು ಶೈಕ್ಷಣಿಕ ಮನೋವಿಜ್ಞಾನ ಬೋಧಕರ ಸಂಘದ ಸಮಾವೇಶಕ್ಕೆ ಬಂದದ್ದು ಕೆಲಸ ಹುಡುಕಿಕೊಂಡು. ಬಿ.ಎಡ್. ಕಾಲೇಜಿನವರು ನನ್ನನ್ನು ತೆಗೆದುಹಾಕಿ ತಿಂಗಳಾಗಿತ್ತು. ಮನೆಯಲ್ಲಿ ಇನ್ನೂ ಹೇಳಿರಲಿಲ್ಲ; ದಿನಾ ಬೆಳಿಗ್ಗೆ ಡಬ್ಬಿ ಕಟ್ಟಿಕೊಂಡು ಹೊರಡುತ್ತಿದ್ದೆ. ಬ್ಯಾಡ್ಜಿನ ಮೇಲೂ ಅದೇ ಕಾಲೇಜಿನ ಹೆಸರು ಬರೆದುಕೊಂಡಿದ್ದೆ. ಕೆಲಸವಿಲ್ಲದವಳ ಜೊತೆ ಯಾರು ನಿಂತು ಮಾತಾಡುತ್ತಾರೆ?

ಊಟದ ಹೊತ್ತಿಗೆ ಇಪ್ಪತ್ತೊಂಬತ್ತು ಪ್ರತಿ ಮುಗಿದಿದ್ದವು. ಎಲ್ಲರೂ "ನೋಡೋಣ" ಅಂದಿದ್ದರು. ಕೊನೆಯದನ್ನು ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದ ಹಿರಿಯ ಮೇಡಂಗೆ ಕೊಟ್ಟೆ.

"ನಿಮ್ಮ ಕಾಲೇಜಲ್ಲಿ ಜಾಗ ಏನಾದ್ರೂ ಇದೆಯಾ ಮೇಡಂ? ಎಷ್ಟು ಕೊಟ್ರೂ ಬರ್ತೀನಿ."

"ಹಾಗಂತ ಕಾಲೇಜಿನವರ ಹತ್ರ ಅನ್ನಬೇಡಿ, ಅಷ್ಟೇ ಕೊಡ್ತಾರೆ. ಒಂದು ಜಾಗ ಇದೆ. ಸೋಮವಾರ ಹೋಗಿ ಪ್ರಿನ್ಸಿಪಾಲರನ್ನ ನೋಡಿ."

ನಾನು ತಟ್ಟೆ ಸಮೇತ ಅವರತ್ತ ತಿರುಗಿದೆ. "ನಮ್ಮ ಸಬ್ಜೆಕ್ಟೇನಾ?"

"ನಮ್ಮದೇ. ಅವರಿಗೆ ಹೊಸಬರೇ ಬೇಕು. ಹಳಬರಾದ್ರೆ ಖಾಯಂ ಮಾಡಿ ಅಂತ ಕೇಳ್ತಾರಲ್ಲ."

"ಮೊದಲು ಇದ್ದವರು ಎಲ್ಲಿಗೆ ಹೋದ್ರು?"

ಮೇಡಂ ನನ್ನ ಬ್ಯಾಡ್ಜನ್ನು ನಿಧಾನವಾಗಿ ಓದಿದರು. ಆಮೇಲೆ ಚೀಲದಿಂದ ತಮ್ಮದೇ ಬಯೋಡೇಟಾ ತೆಗೆದು ನನ್ನ ಕೈಗಿಟ್ಟರು.

"ನಿಮ್ಮನ್ನೂ ತೆಗೆದ್ರಲ್ವಾ? ಆ ಜಾಗಕ್ಕೆ ಯಾರನ್ನಾದ್ರೂ ತಗೊಂಡ್ರಾ?"

ಮುಂದಿನ ವಾರ ಅವರು ನನ್ನ ಕುರ್ಚಿಯಲ್ಲಿ ಕೂತರು, ನಾನು ಅವರ ಕುರ್ಚಿಯಲ್ಲಿ; ಇಬ್ಬರಿಗೂ ಮೊದಲಿಗಿಂತ ಸಂಬಳ ಎರಡು ಸಾವಿರ ಕಡಿಮೆ.